ಏಳು ದಿನ ಕಡಿಮೆ ಬಿದ್ದ ವರ್ಷ

ಕಿಟಕಿಯ ಆಚೆ ಕುಳಿತಿದ್ದ ಹೆಂಗಸು ನನ್ನ ಲೈಸೆನ್ಸನ್ನು ಎರಡು ಸಲ ತಿರುವಿ ನೋಡಿದಳು. ಆಮೇಲೆ, ಕ್ಷಮಿಸಿ, ನಿಮಗೆ ಕ್ಲಾಸಿಗೆ ಕೂರುವ ಅರ್ಹತೆ ಇಲ್ಲ ಎಂದಳು. ತರೀಕೆರೆಯ ಕಾಲೇಜೊಂದರಲ್ಲಿ ನಾಲ್ಕು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ಟೆಕ್ಸಾಸಿನ ಒಂದು ಸಣ್ಣ ನ್ಯಾಯಾಲಯದ ಕಿಟಕಿಯ ಮುಂದೆ ನಿಂತು, ನನ್ನನ್ನೂ ವಿದ್ಯಾರ್ಥಿ ಮಾಡಿಕೊಳ್ಳಿ ಎಂದು ಬೇಡುತ್ತೇನೆ ಅಂತ ಯಾರಾದರೂ ಆಗ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಇಲ್ಲಿ ವೇಗದ ಮಿತಿ ಮೀರಿದರೆ ಪೊಲೀಸರು ಕೊಡುವ ಚೀಟಿಗೆ ಟಿಕೆಟ್ ಎನ್ನುತ್ತಾರೆ. ದಂಡ ಕಟ್ಟಿದರೆ ತಪ್ಪು ನಿಮ್ಮ ಚಾಲನೆಯ ದಾಖಲೆಯಲ್ಲಿ ಉಳಿಯುತ್ತದೆ. ಇನ್ನೊಂದು ದಾರಿ ಡಿಫೆನ್ಸಿವ್ ಡ್ರೈವಿಂಗ್ ಸ್ಕೂಲ್. ಎದುರಿನವರು ತಪ್ಪು ಮಾಡಿದರೂ ನಾವು ಪಾರಾಗುವಂತೆ ಓಡಿಸುವುದು ಹೇಗೆಂದು ಕಲಿಸುವ ಆರು ಗಂಟೆಯ ಪಾಠ. ಅದನ್ನು ಮುಗಿಸಿದರೆ ಕೇಸು ವಜಾ, ದಾಖಲೆ ಶುಭ್ರ. ಆದರೆ ಎಲ್ಲರಿಗೂ ಸಿಗುವುದಿಲ್ಲ. ತೀರಾ ಜೋರಾಗಿ ಓಡಿಸಿರಬಾರದು. ಟಿಕೆಟ್ ಬಿದ್ದ ದಿನಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ಇದೇ ಪಾಠ ಮುಗಿಸಿರಬಾರದು. ಬಸ್ಸು ಲಾರಿ ಓಡಿಸುವ ಲೈಸೆನ್ಸ್ ಇರಬಾರದು. ನಾನು ಶಾಲೆಯ ಮಕ್ಕಳ ಬಸ್ಸು ಓಡಿಸುವವಳು. ಟಿಕೆಟ್ ಬಿದ್ದದ್ದು ಭಾನುವಾರ ನನ್ನ ಸ್ವಂತ ಕಾರಿನಲ್ಲಿ, ಕೊತ್ತಂಬರಿ ಸೊಪ್ಪು ತರಲು ಹೋದಾಗ. ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ.

ಅದು ಮಾರ್ಚ್ ತಿಂಗಳು. ತಪ್ಪು ದಾಖಲೆಯಲ್ಲಿ ಉಳಿಯಿತು, ಆಗಿನಿಂದ ಬಸ್ ಕಂಪನಿ ನನ್ನನ್ನು ಸ್ಟೀರಿಂಗ್‌ನಿಂದ ಎಬ್ಬಿಸಿ, ಬೇರೆಯವರು ಓಡಿಸುವ ಬಸ್ಸಿನಲ್ಲಿ ಮಕ್ಕಳ ಸೀಟ್ ಬೆಲ್ಟ್ ನೋಡಿಕೊಳ್ಳಲು ಕೂರಿಸಿದೆ.

ನಮ್ಮ ಕಡೆ ರಸ್ತೆಯ ನಿಯಮವನ್ನು ಯಾರು ಕಲಿಸಿದರು ಎಂದು ಯೋಚಿಸಿದರೆ ನನಗೆ ದನ ಮೇಯುವ ಎಮ್ಮೆದೊಡ್ಡಿ ಕಾವಲು ನೆನಪಾಗುತ್ತದೆ. ಅಪ್ಪನ ಮೊಪೆಡ್ಡಿನ ಹಿಂದೆ ಕುಳಿತು ಹೋಗುತ್ತಿದ್ದಾಗ ಅಮೃತಮಹಲ್ ದನಗಳು ರಸ್ತೆಗೆ ಇಳಿದರೆ ಅಪ್ಪ ಇಂಜಿನ್ ಆರಿಸಿ ಕಾಯುತ್ತಿದ್ದರು. ಹಾರ್ನ್ ಮಾಡಿದರೆ ಹಾಯುತ್ತವೆ ಎನ್ನುತ್ತಿದ್ದರು. ಅಜ್ಜಂಪುರದಲ್ಲಿರುವ ನನ್ನ ಅಣ್ಣ, ಅಪ್ಪ ಯಾವತ್ತೂ ಇಂಜಿನ್ ಆರಿಸಿದವರಲ್ಲ, ಬೈದುಕೊಂಡು ನುಗ್ಗಿಸುತ್ತಿದ್ದರು ಎನ್ನುತ್ತಾನೆ. ಯಾರು ಸರಿಯೋ ಗೊತ್ತಿಲ್ಲ. ಇಲ್ಲಿಯೂ ಊರ ಹೊರಗೆ ಅಂಥದೇ ಒಣ ಹುಲ್ಲಿನ ಬಯಲು ಇದೆ, ರಾಂಚ್ ಎನ್ನುತ್ತಾರೆ, ದನ ಸಾಕುವ ಖಾಸಗಿ ಕಾವಲು. ಸುತ್ತ ತಂತಿ ಬೇಲಿ. ದನ ರಸ್ತೆಗೆ ಬರುವುದೇ ಇಲ್ಲ. ಮೊದಲ ವರ್ಷ ಆ ಬೇಲಿಯ ಪಕ್ಕ ಕಾರು ನಿಲ್ಲಿಸಿ ಅತ್ತಿದ್ದೇನೆ. ಇದು ಡೈರಿಯಲ್ಲಿದೆ, ಹಾಗಾಗಿ ನಂಬುತ್ತೇನೆ. ನೆನಪನ್ನು ನಂಬಲಾರದೆಯೇ ನಾನು ಡೈರಿ ಇಟ್ಟಿದ್ದು.

ಈಗ ಸವಿತಾಳ ವಿಷಯ. ನನ್ನ ಗಂಡ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್, ಅವರ ತಮ್ಮ ಟ್ರಕ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಸವಿತಾ ಆ ತಮ್ಮನ ಹೆಂಡತಿ, ಅಂದರೆ ನನ್ನ ಓರಗಿತ್ತಿ. ಲಿಂಗದಹಳ್ಳಿಯವಳು. ಎರಡು ಬೀದಿ ಆಚೆ ಇದ್ದಾಳೆ. ಅವಳಿಗೆ ಕಾರು ಓಡಿಸಲು ಕಲಿಸಿದ್ದು ನಾನು. ನಾನು ಎರಡು ಸಲ ಫೇಲಾದ ಪರೀಕ್ಷೆಯನ್ನು ಅವಳು ಮೊದಲ ಸಲಕ್ಕೇ ಪಾಸು ಮಾಡಿದಳು. ಕಡೂರಿನಲ್ಲಿ ಮಗಳ ಮನೆಯಲ್ಲಿರುವ ನಮ್ಮ ಅತ್ತೆ ಫೋನ್ ಮಾಡುವುದು ಮೊದಲು ಅವಳಿಗೆ, ಆಮೇಲೆ ನನಗೆ. ಇದನ್ನು ಲೆಕ್ಕ ಇಟ್ಟಿದ್ದೇನೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಹೋದ ವರ್ಷ ಅವಳಿಗೂ ಒಂದು ಟಿಕೆಟ್ ಬಿದ್ದಿತ್ತು. ಮನೆಯಲ್ಲೇ ಕಂಪ್ಯೂಟರ್ ಮುಂದೆ ಕುಳಿತು, ಅವರೆಕಾಳು ಬಿಡಿಸುತ್ತಾ ಆರು ಗಂಟೆಯ ಪಾಠ ಕೇಳಿ ಪಾರಾಗಿದ್ದಳು. ಈ ಆಗಸ್ಟಿನ ಕೊನೆಗೆ ಮತ್ತೆ ಒಂದು ಬಿತ್ತು. ಈ ಸಲ ಹೆದರಿದ್ದಳು. ವೃದ್ಧಾಶ್ರಮವೊಂದರಲ್ಲಿ ಮುದುಕರನ್ನು ವ್ಯಾನಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಅವಳಿಗೆ ಸಿಗುವುದರಲ್ಲಿತ್ತು. ದಾಖಲೆ ಶುಭ್ರವಾಗಿದ್ದರೆ ಮಾತ್ರ ಕೆಲಸ. ನಾನು ಸ್ಟೀರಿಂಗ್ ಕಳೆದುಕೊಂಡ ವರ್ಷವೇ ಅವಳಿಗೊಂದು ಸ್ಟೀರಿಂಗ್.

"ಕ್ಲಾಸ್ ತಗೊಂಡ್ರೆ ಆಯ್ತಲ್ಲ ಅಕ್ಕ. ವರ್ಷ ಆಗೋಯ್ತು," ಅಂದಳು.

ಗುರುವಾರ ಅತ್ತೆ ಫೋನ್ ಮಾಡಿದಾಗಲೂ ಇದೇ ಮಾತು. "ಸೋಮವಾರ ಕೋರ್ಟಿಗೆ ಅವಳ ಜೊತೆ ನೀನೂ ಹೋಗೇ ಗೀತಾ. ಪಾಪ, ಅವಳಿಗೆ ಆ ಫಾರಂ ಇಂಗ್ಲಿಷ್ ತಿಳಿಯಕ್ಕಿಲ್ಲ."

"ಹೋಗ್ತೀನಿ ಅತ್ತೆ. ಆದ್ರೆ ವರ್ಷ ತುಂಬಿದ್ಯೋ ಇಲ್ವೋ ನೋಡ್ಬೇಕು."

"ಅದೇನ್ ನೋಡದು? ಹೋದ್ ಗೌರಿ ಹಬ್ಬದ ಹಿಂದಿನ್ ದಿನ ಅವಳು ಪಾಠ ಮುಗಿಸಿದ್ದು. ಈ ಗೌರಿ ಹಬ್ಬ ಆಗಿ ಮೂರನೇ ದಿನಕ್ಕೆ ಪೊಲೀಸ್ನೋನು ಹಿಡ್ದಿದ್ದು. ಹಬ್ಬ ಕಳೀತು ಅಂದ್ಮೇಲೆ ವರ್ಷ ಆಗ್ಲಿಲ್ವೇನೇ? ಓದಿರೋಳು ನೀನು."

ಫೋನ್ ಇಟ್ಟು ನೇರ ಡೈರಿ ತೆಗೆದೆ. ಸತ್ಯಕ್ಕಾಗಿ ತೆಗೆದೆ ಎಂದು ಬರೆಯಬಹುದಿತ್ತು. ಆದರೆ ಪುಟ ತಿರುವುವಾಗ ನನ್ನ ಬೆರಳಿಗೆ ಇದ್ದ ಆತುರ ಸತ್ಯದ್ದಲ್ಲ.

ಹೋದ ವರ್ಷದ ಪುಟದಲ್ಲಿ ಹೀಗಿತ್ತು: "ಗೌರಿ ಹಬ್ಬ. ಸವಿತಾ ಬಾಗಿನ ತಂದಳು, ಮೊರ ಸಿಗದೆ ಎರಡು ಸ್ಟೀಲ್ ತಟ್ಟೆ ಮುಚ್ಚಿ. ನಿನ್ನೆ ಕ್ಲಾಸು ಮುಗಿಸಿದಳಂತೆ. ಹೋಳಿಗೆ ಚೆನ್ನಾಗಿತ್ತು." ಪುಟದ ಮೇಲಿನ ತಾರೀಖು ಸೆಪ್ಟೆಂಬರಿನದು. ಹಬ್ಬದಿಂದ ಹಬ್ಬಕ್ಕೆ ನಮಗೆ ವರ್ಷ. ಆದರೆ ಚಂದ್ರನ ಲೆಕ್ಕದ ಆ ವರ್ಷ ಕ್ಯಾಲೆಂಡರಿನ ವರ್ಷಕ್ಕಿಂತ ಹನ್ನೊಂದು ದಿನ ಚಿಕ್ಕದು. ಅಧಿಕ ಮಾಸ ಬಂದಾಗ ಸರಿಹೋಗುತ್ತದೆ, ಈ ವರ್ಷ ಅಧಿಕ ಮಾಸ ಇರಲಿಲ್ಲ. ಬೆರಳು ಮಡಿಸಿ ಎಣಿಸಿದೆ. ಟೆಕ್ಸಾಸಿನ ಲೆಕ್ಕದಲ್ಲಿ ಸವಿತಾಳಿಗೆ ಏಳು ದಿನ ಕಡಿಮೆ ಬಿದ್ದಿತ್ತು.

ಕ್ಲಾಸು ಕೇಳುವವರು, ಹನ್ನೆರಡು ತಿಂಗಳಲ್ಲಿ ಈ ಪಾಠ ಮಾಡಿಲ್ಲ ಎಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಆಮೇಲೆ ನ್ಯಾಯಾಲಯ ದಾಖಲೆ ತರಿಸಿ ನೋಡುತ್ತದೆ. ಅಂದರೆ ಅವಳು ಸಿಕ್ಕಿಬೀಳುವುದು ಖಂಡಿತ, ಅದೂ ಸುಳ್ಳು ಪ್ರಮಾಣದಲ್ಲಿ. ನಾನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು.

ಶುಕ್ರವಾರ ಸುಮ್ಮನಿದ್ದೆ. ಶನಿವಾರ ಅವಳು ಉಪ್ಪಿಟ್ಟು ಕೊಟ್ಟು ಕಳಿಸಿದಳು, ತಿಂದು ಸುಮ್ಮನಿದ್ದೆ. ಭಾನುವಾರ ಗಂಡ, "ಏನು ನಿನಗೆ ನಾಲ್ಕು ದಿನದಿಂದ ಇಷ್ಟು ಉತ್ಸಾಹ?" ಎಂದು ಕೇಳಿದರು. ನಾಲ್ಕು ದಿನ ಅಂದರೋ ಎರಡು ದಿನ ಅಂದರೋ, ಈಗ ಖಚಿತವಿಲ್ಲ. ಆ ದಿನಗಳಲ್ಲಿ ನಾನು ಡೈರಿ ಬರೆದಿಲ್ಲ.

ಸೋಮವಾರ ಅದೇ ನ್ಯಾಯಾಲಯ, ಅದೇ ಕಿಟಕಿ. ಸವಿತಾ ಫಾರಂ ನನ್ನ ಕಡೆ ತಳ್ಳಿದಳು.

"ನೀವು ಓದಿ ಹೇಳಿ ಅಕ್ಕ. ನೀವು ಹೇಳ್ದಲ್ಲಿ ನಾನ್ ಸೈನ್ ಹಾಕ್ತೀನಿ."

ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಆ ಸಾಲು ಬಂದಾಗ, "ಒಂದು ವರ್ಷದೊಳಗೆ ಈ ಕ್ಲಾಸ್ ತಗೊಂಡಿಲ್ಲ ಅಂತ ಪ್ರಮಾಣ ಮಾಡ್ಬೇಕು" ಎಂದೆ. ಹನ್ನೆರಡು ತಿಂಗಳು ಎನ್ನಲಿಲ್ಲ, ತಾರೀಖು ಹೇಳಲಿಲ್ಲ. ಅವಳಿಗೆ ಅರ್ಥವಾಗುವ ಮಾತನ್ನೇ, ಅವಳು ತಪ್ಪು ತಿಳಿಯುವಂಥ ಮಾತನ್ನೇ ಆರಿಸಿದ್ದೆ.

"ಇಲ್ವಲ್ಲ. ಹೋದ ಹಬ್ಬಕ್ಕೆ ಮುಂಚೆ ತಾನೇ," ಎಂದು ಅವಳು ಪೆನ್ನಿನ ಮುಚ್ಚಳ ತೆಗೆದಳು. ಕಾಗದದ ಮೇಲೆ 'ಸ' ಅಕ್ಷರದ ಅರ್ಧ ಬಿತ್ತು. ಇಂಗ್ಲಿಷ್ ಫಾರಂನಲ್ಲೂ ಅವಳು ಸಹಿ ಹಾಕುವುದು ಕನ್ನಡದಲ್ಲಿ. ನಾನು ಕಾಗದದ ಮೇಲೆ ಅಂಗೈ ಇಟ್ಟೆ.

"ಬೇಡ ಕಣೇ. ಏಳು ದಿನ ಕಡಿಮೆ ಇದೆ."

ಅವಳು ನನ್ನ ಮುಖ ನೋಡಿದಳು. ಹಬ್ಬ ಮುಂಚೆ ಬಂದದ್ದು, ತಾರೀಖು, ಎಲ್ಲ ಹೇಳಿದೆ. ಕಿಟಕಿಯ ಹೆಂಗಸಿಗೂ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಅರ್ಧ ಸಹಿಯ ಫಾರಂ ಹರಿದು, ಹಾಗಾದರೆ ಕ್ಲಾಸು ಆಗುವುದಿಲ್ಲ, ನ್ಯಾಯಾಧೀಶರು ಒಪ್ಪಿದರೆ ಡಿಫರ್ಡ್ ಸಿಗಬಹುದು ಎಂದಳು. ತೀರ್ಪನ್ನು ಮುಂದಕ್ಕೆ ಹಾಕುವುದು. ತೊಂಬತ್ತು ದಿನ ಇನ್ನೊಂದು ಟಿಕೆಟ್ ಬೀಳದಂತೆ ಓಡಿಸಿದರೆ ಕೇಸು ವಜಾ. ನ್ಯಾಯಾಧೀಶರು ಹತ್ತು ನಿಮಿಷದಲ್ಲಿ ಒಪ್ಪಿದರು.

ತಡೆಯಲಾರದೆ ಕಿಟಕಿಗೆ ಬಾಗಿ ಕೇಳಿದೆ, ಇದು ಮಾರ್ಚಿನಲ್ಲಿ ನನಗೂ ಸಿಗುತ್ತಿತ್ತೇ ಎಂದು. ಬಸ್ಸಿನ ಲೈಸೆನ್ಸ್ ಇದ್ದವರಿಗೆ ಅದೂ ಇಲ್ಲ ಎಂದಳು. ಒಳ್ಳೆಯ ಕೆಲಸ ಮಾಡಿದೆನಲ್ಲ ಎಂಬ ಸಣ್ಣ ಸಮಾಧಾನವೊಂದು ಬರುತ್ತಿತ್ತು, ಅಲ್ಲಿಗೇ ನಿಂತಿತು.

ವಾಪಸ್ ಬರುವಾಗ ಸಿಗ್ನಲ್ಲಿನಲ್ಲಿ ಸವಿತಾ ಕೇಳಿದಳು: "ನಿಮ್ಗೆ ಇದು ಯಾವಾಗ ಗೊತ್ತಾಯ್ತು ಅಕ್ಕ?"

"ಗುರುವಾರ."

"ಇವತ್ತು ಸೋಮವಾರ."

"ಹೂಂ."

ಹಸಿರು ದೀಪ ಬಂತು.

ಸಂಜೆ ಅತ್ತೆ ಮೊದಲ ಸಲ ನನಗೇ ಮೊದಲು ಫೋನ್ ಮಾಡಿದರು. "ಅಕ್ಕ ಇಲ್ದಿದ್ರೆ ಸಿಕ್ಕಾಕ್ಕೊಂಡ್ಬಿಡ್ತಿದ್ದೆ ಅಂತ ಮೆಸೇಜ್ ಹಾಕವ್ಳೆ ಕಣೇ. ದೊಡ್ಡ ಸೊಸೆ ಅಂದ್ರೆ ಹಿಂಗಿರ್ಬೇಕು." ಗುರುವಾರದ ವಿಷಯ ಸವಿತಾ ಹೇಳಿರಲಿಲ್ಲ. ಹೇಳಿದ್ದರೆ ಹಗುರವಾಗುತ್ತಿತ್ತು. ಈಗ ಅವಳ ಒಳ್ಳೆಯತನದ ಮೇಲೂ ನನಗೆ ಹೊಟ್ಟೆಕಿಚ್ಚು.

ಅಲ್ಲಿಗೆ ಹೊಂದಿಕೊಂಡಿರಾ ಎಂದು ಊರಿನಿಂದ ಕೇಳುತ್ತಾರೆ. ಕಡೂರಿನಲ್ಲಿ ನಾನೀಗ ತಂಗಿಯನ್ನು ಕಾಪಾಡಿದ ಅಕ್ಕ. ಇಲ್ಲಿ ಒಂದು ಕಪ್ಪು ಚುಕ್ಕೆ ಇರುವ ಲೈಸೆನ್ಸ್ ನಂಬರು. ಎರಡೂ ನಾನಲ್ಲ, ಅಥವಾ ಎರಡೂ ಸ್ವಲ್ಪ ಸ್ವಲ್ಪ ನಾನೇ. ಎರಡೂ ಕಡೆಯ ನನ್ನನ್ನು ಪೂರ್ತಿ ಬಲ್ಲವಳು ಸವಿತಾ ಒಬ್ಬಳೇ.

ಆ ಶನಿವಾರ ಅವಳು ಎಂದಿನಂತೆ ಬಂದು ಬಾಗಿಲಲ್ಲಿ ನಿಂತಳು. "ರಾಗಿ ಹಿಟ್ಟು ಖಾಲಿ ಅಕ್ಕ, ಅಂಗಡಿಗೆ ಹೋಗೋಣ. ನಾನೇ ಓಡಿಸ್ತೀನಿ, ತೊಂಬತ್ತು ದಿನದ ಪ್ರಾಕ್ಟೀಸು," ಅಂದಳು. ಸ್ವಲ್ಪ ನಕ್ಕಳು. ನಾನು ಅವಳ ಪಕ್ಕ ಬಲಗಡೆ ಕೂತೆ. ಊರಿನ ಕಾರಿನಲ್ಲಿ ಓಡಿಸುವವರು ಕೂರುವ ಜಾಗ ಅದು. ಬೆಲ್ಟ್ ಹಾಕಿಕೊಂಡು, ಅಭ್ಯಾಸದಿಂದ ಎರಡೂ ಕೈ ಮುಂದೆ ಚಾಚಿದೆ. ಹಿಡಿಯಲು ಏನೂ ಇರಲಿಲ್ಲ.