ಅಡಿಮರದ ರೂಪಾಯಿ

ಭಾವನ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ಅದಿದ್ದ ಜಾಗ ಒಣಗಿದ ಸಿಗಡಿಯ ಹಾಗೆ ಸುರುಟಿ ಕೆಂಪಾಗಿತ್ತು. ನೋಡಲು ಚೆಂದವೇನಿರಲಿಲ್ಲ. ಮಾಜಾಳಿಯಲ್ಲಿ ನಮ್ಮ ಬೇಲಿಯಾಚೆಯ ಮನೆ ಅವರದು. ಸಂಬಂಧವೇನಿಲ್ಲ, ನನ್ನ ಗಂಡನಿಗಿಂತ ಹಿರಿಯರೆಂದು ಭಾವ ಅನ್ನುತ್ತಿದ್ದೆ. ದೋಣಿ ಕಟ್ಟುವವರು. ಮಾತು ಕಡಿಮೆ, ಬೀಡಿ ಜಾಸ್ತಿ.

ದೋಣಿ ಮುಳುಗದಿರಲೆಂದು ಅದರ ಅಡಿಮರದ ಸಂದಿಯಲ್ಲಿ ಬೆಳ್ಳಿ ರೂಪಾಯಿ ಇಟ್ಟು ಮೇಲೆ ಹಲಗೆ ಬಡಿಯುವುದು ಅವರ ಮನೆಯ ರೂಢಿ. ಅವರ ತಮ್ಮ ಮೀನಿಗೆ ಹೋಗುತ್ತಿದ್ದ ಸ್ವಂತ ದೋಣಿಯಲ್ಲಿದ್ದದ್ದು ಎರಡನೇ ಮಹಾಯುದ್ಧದ ಕಾಲದ, ಬ್ರಿಟಿಷ್ ರಾಜನ ತಲೆಯ ರೂಪಾಯಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಸರ್ಕಾರ ಆ ನಾಣ್ಯಗಳನ್ನು ವಾಪಸು ಕೇಳಿತು. ಯಾಕೆಂದು ಭಾವ ಕಾರವಾರದ ಖಜಾನೆಗೇ ಹೋಗಿ ವಿಚಾರಿಸಿದರು. ಯುದ್ಧದಲ್ಲಿ ರೂಪಾಯಿಯ ಬೆಲೆ ಬೀಳದ ಹಾಗೆ ಹಿಡಿಯಲು ಬ್ರಿಟಿಷ್ ಸರ್ಕಾರ ಅಮೆರಿಕದ ಸರ್ಕಾರದಿಂದ ಬೆಳ್ಳಿ ಕಡ ತಂದಿತ್ತಂತೆ. ಈಗ ನಾವು ತಿರುಗಿ ಕೊಡಬೇಕಂತೆ. ಮನೆಗೆ ಬಂದವರೇ ದೋಣಿಯಡಿ ಮಲಗಿ ಉಳಿ ಹಾಕಿದರು.

"ಭಾವಾ, ತಲೆ ಕೆಟ್ಟಿತಾ? ಅಲ್ಲಿದ್ದದ್ದು ಯಾರಿಗೆ ಕಾಣ್ತದೆ?" ಅಂದೆ.

"ಕಂಡವರ ಬೆಳ್ಳಿ ಮೇಲೆ ನನ್ನ ತಮ್ಮ ಸಮುದ್ರಕ್ಕೆ ಹೋಗೂದು ಬೇಡ ತಂಗಿ."

ಉಳಿ ಜಾರಿ ಉಗುರು ಹೋದದ್ದು ಆಗಲೇ. ರೂಪಾಯಿ ಖಜಾನೆಗೆ ಹೋಯಿತು. ಬದಲಿಗೆ ಸಿಕ್ಕ ಕಾಗದದ ನೋಟನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಅದೇ ಸಂದಿಯಲ್ಲಿಟ್ಟು ಹಲಗೆ ಬಡಿದರು.

ಮಳೆಗಾಲ ಕಳೆದು ಆ ದೋಣಿಯಲ್ಲಿ ಹೋದ ತಮ್ಮ ಬರಲಿಲ್ಲ. ದೋಣಿಯೂ ಬರಲಿಲ್ಲ.

ಆಮೇಲೆ ಭಾವ ಊರಿಗೆಲ್ಲ ದೋಣಿ ಕಟ್ಟಿದರು, ತಾವು ಹತ್ತಲಿಲ್ಲ. ಸಂಜೆ ನಮ್ಮ ಜಗಲಿಯಲ್ಲಿ ಕೂತರೆ ಒಂದೇ ಮಾತು: "ಆ ಬೆಳ್ಳಿ ಅಮೆರಿಕಕ್ಕೆ ಮುಟ್ಟಿತೋ ಇಲ್ಲವೋ?"

ನನಗೆ ರೇಗುತ್ತಿತ್ತು. "ಹಲಗೆಗೆ ಹುಳ ಹಿಡಿದಿತ್ತು ಭಾವಾ. ಒಂದು ರೂಪಾಯಿ ದೋಣಿ ಎತ್ತಿ ಹಿಡೀತದಾ?"

"ಹಾಂಗಾದ್ರೆ ಸರ್ಕಾರದ ರೂಪಾಯಿನ ಬೆಳ್ಳಿ ಹ್ಯಾಂಗೆ ಎತ್ತಿ ಹಿಡೀತು?"

ನಾನು ಓದಿದ್ದು ಮೂರನೇ ಇಯತ್ತೆ.

ಫೈಬರ್ ದೋಣಿಗಳು ಬಂದು ಕೆಲಸ ನಿಂತ ಮೇಲೆ ಭಾವ ಹಾಸಿಗೆ ಹಿಡಿದರು. ನನ್ನ ಮೊಮ್ಮಗಳು ಕಾಲೇಜಿನ ಕಂಪ್ಯೂಟರಿನಲ್ಲಿ ಹುಡುಕಿ, "ಆ ಬೆಳ್ಳಿ ಆಗಲೇ ವಾಪಸು ಹೋಗಿದೆ ಅಜ್ಜಿ" ಅಂದಳು. ಗಂಜಿ ಕುಡಿಸುತ್ತ ಅವರಿಗೆ ಹೇಳಿದೆ, ಸಮಾಧಾನವಾಗಲಿ ಎಂದು.

"ಮುಟ್ಟಿತಂತೆ ಭಾವಾ. ಪೂರಾ ಮುಟ್ಟಿತಂತೆ."

ಭಾವ ಬಾಗಿಲ ಕಡೆ ನೋಡಿದರು.

"ಅವರದ್ದು ಅವರಿಗೆ ಮುಟ್ಟಿತಲ್ಲ. ಮತ್ತೆ ನನ್ನ ತಮ್ಮ ಎಂತಕ್ಕೆ ಬರ್ಲಿಲ್ಲ?"

ಗಾಳಿ ಬರುತ್ತಿತ್ತು. ಬಾಗಿಲು ಹಾಕಲು ಎದ್ದೆ, ಬೇಡವೆಂದು ಕೈಯಾಡಿಸಿದರು. ಮರುದಿನ ಅವರ ಕಣ್ಣು ಮುಚ್ಚಿಸಿದವಳು ನಾನೇ. ಅವು ಬಾಗಿಲ ಕಡೆಗೇ ಇದ್ದವು.