ಗುಡ್ಡ ಹತ್ತಿದ ದೀಪ

ಸ್ವಲ್ಪ ಕಾಯಿರಿ. ಸಿರುಗುಪ್ಪದ ಊಟ, ಪೇಟೆ, ಹೊಳೆ ಎಲ್ಲವನ್ನೂ ಹೇಳುತ್ತೇನೆ. ಆದರೆ ದಾರಿಯಲ್ಲಿ ತೆಲುಗಿನ ಒಂದು ಮಾತು ಬರುತ್ತದೆ. ಅದು ಬರುವತನಕ ಎದ್ದು ಹೋಗಬೇಡಿ.

ಸುಗ್ಗಿ ಮುಗಿದ ಮೇಲೆ ಬಳ್ಳಾರಿಯಿಂದ ಗಾಡಿ ಕಟ್ಟಿಸಿಕೊಂಡು ಸಿರುಗುಪ್ಪಕ್ಕೆ ಹೋಗುವುದೆಂದರೆ ನಮ್ಮ ಮನೆಗೆ ಹಬ್ಬ. ಅಲ್ಲಿ ದೊಡ್ಡವ್ವ ಇದ್ದಳು, ಅವ್ವನ ಒಬ್ಬಳೇ ಅಕ್ಕ. ಬೆಳಗ್ಗೆ ತುಂಗಭದ್ರೆಯಲ್ಲಿ ಮುಳುಗು ಹಾಕಿಸಿ, ತಲೆ ಆರುವ ಮೊದಲೇ ಪೇಟೆಗೆ ಕರೆದೊಯ್ಯುತ್ತಿದ್ದಳು. ಕಂಬಳಿ, ಅರಿಸಿನ, ಆಚೆ ದಡದಿಂದ ಹರಿಗೋಲಿನಲ್ಲಿ ಬಂದ ಗಡಿಗೆಗಳು! ಕೊಳ್ಳುವುದು ಕಡಿಮೆ, ಅಂಗಡಿಯವರ ಜೊತೆ ಜಗಳ ಹೆಚ್ಚು. ಆಮೇಲೆ ಹೊಳೆದಂಡೆಯ ಮರಳಲ್ಲಿ ಕೂತು ಹೊಸ ಅಕ್ಕಿಯ ಅನ್ನ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ನಾನು ಸಾಕೆಂದರೆ, “ಬಳ್ಳಾರಿ ಹೊಟ್ಟಿ ಭಾಳ ಸಣ್ಣದೈತಿ ನೋಡು” ಎಂದು ನಗುತ್ತ ಇನ್ನೊಂದು ತುತ್ತು ಹಾಕುವಳು.

ಆ ವರ್ಷ ಸುಗ್ಗಿಗೆ ಮೊದಲೇ ಹೊರಟೆವು. ದೊಡ್ಡವ್ವನಿಗೆ ಜ್ವರ ಬಿಡುತ್ತಿಲ್ಲವೆಂದು ಸುದ್ದಿ ಬಂದಿತ್ತು. ಆರಾಮಾದರೆ ಕುರುಗೋಡಿನ ಗುಡ್ಡದ ಮೇಲೆ ದೀಪ ಹಚ್ಚುತ್ತೇನೆಂದು ಹರಕೆ ಹೊತ್ತಿದ್ದಾಳಂತೆ. ದಾರಿಯುದ್ದಕ್ಕೂ ಅವ್ವನ ಬಾಯಲ್ಲಿ ಒಂದೇ ಮಾತು: “ಒಂದ್ಸಲ ಅಕ್ಕನ ಮಾರಿ ನೋಡಿದ್ರ ಸಾಕು.”

ತೆಕ್ಕಲಕೋಟೆಯಲ್ಲಿ ಗಾಡಿಯವನು ಎತ್ತುಗಳಿಗೆ ನೀರು ಕುಡಿಸಲು ಹೋದ. ಅಷ್ಟರಲ್ಲಿ ಸಿರುಗುಪ್ಪದ ಕಡೆಯಿಂದ ಇನ್ನೊಂದು ಗಾಡಿ ಬಂತು. ಒಳಗೆ ದೊಡ್ಡವ್ವನ ಓಣಿಯ ತೆಲುಗು ಮುದುಕಿ! ಅವ್ವ ಕೂಗಿ ಕೇಳಿದಳು: “ನಮ್ಮಕ್ಕ ಹ್ಯಾಂಗದಾಳ್ರಿ?”

ಮುದುಕಿ ಕೈ ಮೇಲೆತ್ತಿ, “ಆ ಇಂಟಿ ದೀಪಂ ಕೊಂಡೆಕ್ಕಿಂದಮ್ಮಾ” ಎಂದಳು. ಅವರ ಗಾಡಿ ನಿಲ್ಲಲಿಲ್ಲ.

ಅವ್ವ ಗದಗಿನ ಕಡೆಯವಳು, ತೆಲುಗು ಬಾರದು. ನಾನೋ ಬಳ್ಳಾರಿಯ ಕೌಲ್ ಬಜಾರಿನ ಅಂಗಡಿಗಳ ಮುಂದೆ ನಿಂತು ನಿಂತು, ಯಾರೂ ಹೇಳಿಕೊಡದೆಯೇ ತೆಲುಗು ಕಲಿತವನು. ಇಂಟಿ ಎಂದರೆ ಮನೆಯ, ಕೊಂಡ ಎಂದರೆ ಗುಡ್ಡ, ಎಕ್ಕಿಂದಿ ಎಂದರೆ ಹತ್ತಿತು. ಇದರಲ್ಲಿ ಕಷ್ಟವೇನಿದೆ?

“ಏನಂದಳಪ್ಪಾ?”

“ಆ ಮನಿ ದೀಪ ಗುಡ್ಡ ಹತ್ತೈತಂತವ್ವಾ!”

ಅವ್ವನ ಕಣ್ಣಲ್ಲಿ ನೀರು ಬಂತು. “ಅಂದ್ರ ಎದ್ದಾಳ! ಹರಕಿ ತೀರಸಾಕ ಹೋಗ್ಯಾಳ! ಗಾಡಿ ಕುರುಗೋಡಿಗೆ ತಿರುಗಸಾಕ ಹೇಳಲೇ.”

ಗಾಡಿಯವನು ಬಂದು ಗೊಣಗಿದ: “ಜ್ವರ ಬಂದಾಕಿ ಗುಡ್ಡ ಹತ್ತತಾಳ, ನನ್ನೆತ್ತು ಬಯಲಾಗ ಕುಂಟತಾವ. ಹತ್ರಿ, ಹತ್ರಿ.”

ಆ ದಾರಿಯಲ್ಲಿ ಅವ್ವ ನಕ್ಕಷ್ಟು ಮತ್ತೆಂದೂ ನಕ್ಕಿದ್ದನ್ನು ನಾನು ಕಂಡಿಲ್ಲ. ಕತ್ತಲಾಗುವಾಗ ಕುರುಗೋಡು ಸೇರಿದೆವು. ಗುಡ್ಡದ ಬುಡದಲ್ಲಿ ದೊಡ್ಡವ್ವ ಇರಲಿಲ್ಲ. “ಇನ್ನೂ ದಾರ್ಯಾಗಿರಬೇಕು, ಬರ್ತಾಳ ಬಿಡು” ಎಂದಳು ಅವ್ವ. ಬೆಳಗ್ಗೆಯೂ ಬರಲಿಲ್ಲ. ಸುಮ್ಮನೆ ಕೂರಲಾರದೆ ಅವ್ವ ಅಕ್ಕನಿಗೆ ಹಸಿರು ಬಳೆ ಕೊಳ್ಳಲು ಹೋದಳು.

ಬಳೆಗಾರನೂ ತೆಲುಗಿನವನೇ. ಬಳೆ ಯಾರಿಗೆಂದು ಕೇಳಿದ. ಅವ್ವ ಸಂಭ್ರಮದಿಂದ ಎಲ್ಲ ಹೇಳಿದಳು. ಮುದುಕಿಯ ಮಾತನ್ನು ನಾನೇ ಅವಳ ಧಾಟಿಯಲ್ಲಿ ಅಂದು ತೋರಿಸಿದೆ. ಅವನು ಪೋಣಿಸುತ್ತಿದ್ದ ಬಳೆಗಳನ್ನು ಕೆಳಗಿಟ್ಟ.

“ತಾಯಿ, ನಿಮ್ಮ ಮನ್ಯಾಗ ದೀಪ ಆರಸೂವಾಗ ಏನಂತೀರಿ?”

“ಆರಸು ಅನಬಾರದಲ್ರಿ. ದೊಡ್ಡದು ಮಾಡು ಅಂತೀವಿ.”

“ದೀಪ ಆರಿದರ ನಾವು ಕೊಂಡೆಕ್ಕಿಂದಿ ಅಂತೀವ್ರಿ” ಎಂದ, ಮುಖ ತಗ್ಗಿಸಿ.

ಅವ್ವ ನನ್ನನ್ನು ನೋಡಲಿಲ್ಲ. ಬಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಗಾಡಿ ಹತ್ತಿದಳು.

ಸಿರುಗುಪ್ಪದಲ್ಲಿ ಎಲ್ಲ ಮುಗಿದಿತ್ತು. ದೊಡ್ಡಪ್ಪ ಬಾಗಿಲಲ್ಲಿ ಕೂತಿದ್ದ. “ನಿನ್ನಿ ಮುಂಜಾನೇನ ಹೋದಳವ್ವಾ. ತಂಗಿ ಬರ್ತಾಳ, ಮಾರಿ ನೋಡ್ತಾಳ ಅಂತ ಹೊತ್ತು ಮುಳುಗೂತನಕ ಮಣ್ಣು ಮಾಡದ ಇಟ್ಕೊಂಡು ಕುಂತಿದ್ವಿ” ಎಂದ. ತೆಕ್ಕಲಕೋಟೆಯಿಂದ ನೆಟ್ಟಗೆ ಬಂದಿದ್ದರೆ ಹೊತ್ತು ಮುಳುಗುವ ಮೊದಲೇ ಸೇರುತ್ತಿದ್ದೆವು.

ಪಕ್ಕದ ಮನೆಯವರು ಅನ್ನ, ಪುಂಡಿಪಲ್ಯ ತಂದುಕೊಟ್ಟರು. ನಾನು ಎರಡು ತುತ್ತಿಗೇ ಸಾಕೆಂದೆ. ಬಳ್ಳಾರಿ ಹೊಟ್ಟೆಯೆಂದು ನಗುವವರು ಇರಲಿಲ್ಲ.

ಅವ್ವ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬಳೆಗಳು ಇನ್ನೂ ಅವಳ ಪೆಟ್ಟಿಗೆಯಲ್ಲಿವೆ. ಬದಲಾದದ್ದು ಒಂದೇ: ಮಲಗುವಾಗ ನಮ್ಮ ಮನೆಯಲ್ಲಿ ಈಗ ಯಾರೂ “ದೀಪ ದೊಡ್ಡದು ಮಾಡು” ಎನ್ನುವುದಿಲ್ಲ. ಅವ್ವ ನೆಟ್ಟಗೆ “ಆರಸು” ಎನ್ನುತ್ತಾಳೆ. ಕೇಳಿದ ನೆರೆಯವರು ಕೆನ್ನೆ ಬಡಿದುಕೊಳ್ಳುತ್ತಾರೆ.

ನಿಮ್ಮ ಮನೆಯಲ್ಲಿ ಏನನ್ನುತ್ತೀರಿ? ಇಂಥ ಒಂದು ಮಾತು ನಿಮ್ಮನ್ನೂ ಬೇರೆ ದಾರಿಗೆ ಹಚ್ಚಿದ್ದುಂಟೇ? ಇದ್ದರೆ ನನಗೂ ಹೇಳಿ. ಕೇಳಬೇಕೆಂದು ಬಹಳ ಅನ್ನಿಸುತ್ತದೆ.