ಕ್ಲಚ್ ಪ್ಲೇಟಿಗೆ ಮುಂದಿನ ಶಿಫ್ಟ್

ಗೆಳೆಯರೇ, ಇಂದು ಕೋಗಿಲಬನದ ಏರಿನಲ್ಲಿ ನಮ್ಮ ಕಾರು ಬರೀ ಕೂಗಿತು, ಹತ್ತಲಿಲ್ಲ. ಕ್ಲಚ್ ಪ್ಲೇಟ್ ಸವೆದಿದೆ. ಹೇಗೋ ಮನೆ ಮುಟ್ಟಿಸಿದೆ. ಸೋಮವಾರ ಅತ್ತೆಯನ್ನು ಕಣ್ಣಿನ ಆಪರೇಷನ್ನಿಗೆ ಹುಬ್ಬಳ್ಳಿಗೆ ಕರೆದೊಯ್ಯಬೇಕು.

ನಾನೇ ಬದಲಿಸೋಣವೆಂದು ನಟ್ಟು ಬಿಚ್ಚುವ ಪಾನಾ ಹಿಡಿದು, ದಣಿದ ಮೈಯಲ್ಲೇ ಕಾರಿನಡಿ ತೂರಿದೆ. "ಇಪ್ಪತ್ತು ವರ್ಷದಿಂದ ಮಿಲ್ಲಿನಾಗ ಫಿಟರ್ ಅದೇನಿ. ಇದೇನ್ ಮಹಾ?" ಎಂದೆ.

ಹೆಂಡತಿ ಹೊಸ್ತಿಲಲ್ಲಿ ನಿಂತೇ ಕೇಳಿದಳು: "ಮಿಲ್ಲಿನಾಗ ನೀವು ಬಿಚ್ಚಿಟ್ಟು ಬರ್ತೀರಿ, ಮುಂದಿನ ಶಿಫ್ಟಿನವ್ರು ಜೋಡಸ್ತಾರ. ಇಲ್ಲಿ ಮುಂದಿನ ಶಿಫ್ಟ್ ಯಾರದ್ರೀ?"

ನಾನು ಬಿಚ್ಚಿದ ಮಿಕ್ಸರ್ ದೀಪಾವಳಿಯಿಂದ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬಿದ್ದಿದೆ.

ಕಾರಿನಡಿ ಮಲಗಿಯೇ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಮುಂದಿನ ಶಿಫ್ಟ್ ನಾಳೆ ಒಂಬತ್ತಕ್ಕೆ ಬರುತ್ತದಂತೆ.

ಮಿಕ್ಸರನ್ನೂ ಅವನಿಗೇ ತೋರಿಸಬೇಕಂತೆ, ಹೆಂಡತಿಯ ಆಜ್ಞೆ.